ಮುದ್ರೆ ಒಂದು, ಮಾಲು ಮತ್ತೊಂದು

ಹೊರಗೆ ಒಂದು ಮುದ್ರೆ, ಒಳಗೆ ಮತ್ತೊಂದು ಮಾಲು: ಈ ದಂಧೆ ಹೊಸದಲ್ಲ. ಎಣ್ಣೆಗೆ ಕಲಬೆರಕೆ ಮಾಡುವವನೂ, ತಕ್ಕಡಿಯಲ್ಲಿ ಮೋಸ ಮಾಡುವವನೂ ನಡೆಸುವುದು ಇದನ್ನೇ. ಮಲೇಷ್ಯಾದಲ್ಲಿ ಲಾಭಕೋರರು ಜನರ ಧರ್ಮನಂಬಿಕೆಯನ್ನೂ ಬಿಡಲಿಲ್ಲ.

2020ರ ಡಿಸೆಂಬರಿನಲ್ಲಿ ಜೊಹೋರ್ ರಾಜ್ಯದ ಸೆನಾಯಿಯಲ್ಲಿ ಅಧಿಕಾರಿಗಳು ಒಂದು ಉಗ್ರಾಣದ ಮೇಲೆ ದಾಳಿ ಮಾಡಿದರು. ಹಡಗಿನಲ್ಲಿ ಬಂದ ಪರದೇಶದ ಮಾಂಸಕ್ಕೆ ಅಲ್ಲಿ ಸುಳ್ಳು ಹಲಾಲ್ ಮುದ್ರೆ ಹಚ್ಚಿ ಪೇಟೆಗೆ ಬಿಡುತ್ತಿದ್ದರೆಂಬುದು ಆರೋಪ. ದೇಶವೇ ತಲ್ಲಣಿಸಿತು.

ನಿಯಮಗಳಿಗೆ ಅಲ್ಲಿ ಕೊರತೆಯಿತ್ತೇ? ಇರಲಿಲ್ಲ. ಸಾಗಣೆ, ಉಗ್ರಾಣ, ಚಿಲ್ಲರೆ ಮಾರಾಟ ಮೂರಕ್ಕೂ 2010ರಲ್ಲೇ ಮಾನದಂಡ ರಚಿಸಿ, 2019ರಲ್ಲಿ ತಿದ್ದಿದ್ದರು. ಹಲಾಲ್ ಮಾಲು ಬೇರೆ ಮಾಲಿನೊಡನೆ ಬೆರೆಯಬಾರದು. ಹಂದಿಮಾಂಸ ಹೊತ್ತ ಕಂಟೇನರನ್ನು ಏಳು ಸಲ ತೊಳೆಯಬೇಕು. ಅದರಲ್ಲೊಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಕಾಗದದ ಮೇಲೆ ಎಲ್ಲವೂ ಇತ್ತು.

ಆದರೆ ಕಾಗದವು ಕಂಟೇನರ್ ತೊಳೆಯುವುದಿಲ್ಲ. ತೊಳೆಯುವವನು ಕೂಲಿಕಾರ. ಬಂದರಿನಲ್ಲಿ ಪೆಟ್ಟಿಗೆ ಇಳಿಸುವವನು, ಲಾರಿ ನಡೆಸುವವನು, ಉಗ್ರಾಣದ ಬಾಗಿಲು ತೆರೆಯುವವನು, ಇವರ ಕಣ್ಣಿಗೆ ಬೀಳದೆ ಮಾಲು ಬದಲಾಗದು. ಕಂಡದ್ದನ್ನು ಹೇಳಿದರೆ ಮರುದಿನ ಕೆಲಸವಿಲ್ಲ ಎಂದಿದ್ದರೆ ಅವನು ಬಾಯಿ ಬಿಟ್ಟಾನೆಯೇ? ಮುದ್ರೆ ನಂಬಿ ಕೊಂಡ ಚಿಕ್ಕ ಅಂಗಡಿಯವನ ಪಾಡೂ ಅಷ್ಟೇ. ಮೋಸದ ಲಾಭ ಉಗ್ರಾಣದ ಧಣಿಗೆ, ಗಿರಾಕಿಯ ಶಾಪ ಇವನಿಗೆ!

ಇದು ದೂರದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ಮಲೇಷ್ಯಾಕ್ಕೆ ಎಮ್ಮೆಯ ಮಾಂಸ ಹೆಚ್ಚಾಗಿ ಹೋಗುವುದು ಭಾರತದಿಂದ. ಮಲೇಷ್ಯಾ ಸೇರಿ 15 ದೇಶಗಳಿಗೆ ಹಲಾಲ್ ಮಾಂಸ ಕಳಿಸಲು ಸರ್ಕಾರೀ ವ್ಯವಸ್ಥೆಯಡಿಯ ಪ್ರಮಾಣಪತ್ರ ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿದೆ. ಒಳ್ಳೆಯದೇ. ಆದರೆ ಪ್ರಮಾಣಪತ್ರ ಕಸಾಯಿಖಾನೆಯ ಬಾಗಿಲಲ್ಲೇ ನಿಂತರೆ ಸಾಲದು. ಮಾಲು ಕೈ ಬದಲಾಗುವ ಕಡೆಯಲ್ಲೆಲ್ಲ ತಪಾಸಣೆ ನಡೆಯಬೇಕು. ಮೋಸ ಬಯಲಿಗೆಳೆದ ಕೆಲಸಗಾರನಿಗೆ ಕಾನೂನಿನ ರಕ್ಷಣೆ ಬೇಕು. ಇದರ ಖರ್ಚನ್ನು ದೊಡ್ಡ ರಫ್ತುದಾರನೇ ಹೊರಬೇಕು. ಅದು ಕೂಲಿಯಿಂದಾಗಲಿ ಚಿಕ್ಕ ವ್ಯಾಪಾರಿಯ ಗಲ್ಲಾದಿಂದಾಗಲಿ ಮುರಿದುಕೊಳ್ಳುವ ಹಣವಾಗಬಾರದು.

ಹಲಾಲ್ ನಮ್ಮ ಪದ್ಧತಿಯಲ್ಲ, ನಮಗೇಕೆ ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ದುಡಿದ ದುಡ್ಡು ಕೊಟ್ಟವನಿಗೆ ಕೇಳಿದ ಮಾಲೇ ಸಿಗಬೇಕು. ಒಬ್ಬನ ನಂಬಿಕೆಯನ್ನು ಮಾರಿಕೊಂಡವನು ನಾಳೆ ಇನ್ನೊಬ್ಬನದನ್ನು ಬಿಡುವನೇ?