ಬೆಳಕಿಗಾಗಿ ಕಟ್ಟಿದ ಕಲ್ಲುಮನೆ

ಮನೆ ಕಟ್ಟಿಸುವವರಿಗೆ ಬೆಳಕೂ ಬೇಕು, ಭದ್ರತೆಯೂ ಬೇಕು. ಆದರೆ ಕಿಟಕಿಯು ಹಿಗ್ಗಿದಷ್ಟೂ ಗೋಡೆಯ ಬಲವು ಕುಗ್ಗುವುದು. ಈ ತೊಡಕನ್ನು ನಾಲ್ಕು ಶತಮಾನಗಳ ಹಿಂದೆಯೇ ಜಾಣತನದಿಂದ ಬಿಡಿಸಿದ ಒಂದು ಮನೆಯ ವಿಚಾರವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುವೆವು.

ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿ, ಗುಡ್ಡವೊಂದರ ನೆತ್ತಿಯ ಮೇಲೆ ಹಾರ್ಡ್‌ವಿಕ್ ಹಾಲ್ ಎಂಬ ಮರಳುಗಲ್ಲಿನ ಸೌಧವಿರುವುದು. ಇದನ್ನು ಕಟ್ಟಿಸಿದವಳು ಷ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಸಾಧಾರಣ ಜಮೀನುದಾರನ ಮಗಳಾಗಿ ಹುಟ್ಟಿದ ಈಕೆಯು, 1590ರಲ್ಲಿ ನಾಲ್ಕನೆಯ ಪತಿಯೂ ತೀರಿಕೊಂಡಾಗ, ಅಪಾರ ಐಶ್ವರ್ಯಕ್ಕೆ ಒಡತಿಯಾಗಿದ್ದಳು. ಆ ವರ್ಷವೇ ಆರಂಭವಾದ ಈ ಮನೆಗೆ 1597ರಲ್ಲಿ ಬಂದು ನೆಲೆಸಿದಳು. ಇದರ ನಕ್ಷೆಯು ರಾಬರ್ಟ್ ಸ್ಮಿತ್‌ಸನ್ ಎಂಬ ಶಿಲ್ಪಿಯದೆಂದು ಬಲ್ಲವರು ಹೇಳುವರು. ಆರು ಗೋಪುರಗಳ ನೆತ್ತಿಯಲ್ಲಿಯೂ ಒಡತಿಯ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿರುವರು.

ಗಾಜು ಬಲು ತುಟ್ಟಿಯಾಗಿದ್ದ ಕಾಲವದು. ಆದರೂ ಈ ಮನೆಯ ಮುಂಭಾಗದಲ್ಲಿ ಕಲ್ಲಿಗಿಂತ ಗಾಜೇ ಹೆಚ್ಚಾಗಿ ತೋರುವುದು. ಮೇಲಕ್ಕೆ ಹೋದಂತೆಲ್ಲ ಕಿಟಕಿಗಳೂ ಎತ್ತರವಾಗುವುವು. ನೆಲದಂತಸ್ತು ಆಳುಕಾಳುಗಳಿಗೆ, ನಡುವಣದು ಒಡತಿಯ ನಿತ್ಯವಾಸಕ್ಕೆ, ಮೇಲಣದು ಗಣ್ಯರನ್ನು ಎದುರುಗೊಳ್ಳುವ ವೈಭವಕ್ಕೆ. ಆಯಾ ಅಂತಸ್ತಿನ ಘನತೆಗೆ ತಕ್ಕಷ್ಟು ಬೆಳಕು. ಮೇಲಂತಸ್ತಿನ ಉದ್ದನೆಯ ಪಡಸಾಲೆಯೊಂದೇ 160 ಅಡಿಗಳಿಗೂ ಮಿಕ್ಕಿರುವುದು.

ಇಷ್ಟು ಗಾಜನ್ನಿಟ್ಟೂ ಮನೆಯು ನಿಂತಿರುವುದು ಹೇಗೆ? ಅಗ್ಗಿಷ್ಟಿಕೆಗಳ ಹೊಗೆಗೂಡುಗಳನ್ನು ಹೊರಗೋಡೆಗಳಲ್ಲಿ ಇಡದೆ, ಒಳಗಿನ ದಪ್ಪ ಗೋಡೆಗಳಲ್ಲಿ ಅಡಗಿಸಿದರು. ಇದರಿಂದ ಹೊರಗೋಡೆಗಳು ದುರ್ಬಲವಾಗದೆ ದೊಡ್ಡ ಕಿಟಕಿಗಳಿಗೆ ಎಡೆಗೊಟ್ಟುವು. ಶಕ್ತಿಯು ಒಳಗೆ, ಶೋಭೆಯು ಹೊರಗೆ.

ಆದರೆ ಬೆಳಕಿಗೂ ಬೆಲೆಯುಂಟು. ಗಾಜಿನ ಮೂಲಕ ಬೆಳಕಿನೊಡನೆ ಚಳಿಯೂ ನುಗ್ಗುವುದು. ಗೋಡೆಗಳಿಗೆ ತೂಗಹಾಕಿದ ಚಿತ್ರಗಂಬಳಿಗಳು ಅಂದಕ್ಕೂ ಆದುವು, ಚಳಿಯನ್ನು ತಡೆಯಲೂ ಒದಗಿದುವು. 1587ರಲ್ಲಿ ಕೊಂಡಿದ್ದ ಯುಲಿಸೀಸನ ಕಥೆಯ ಚಿತ್ರಗಂಬಳಿಗಳಿಗೆ ಹೊಂದುವಂತೆಯೇ ಮೇಲಂತಸ್ತಿನ ಸಭಾಂಗಣವನ್ನು ಅಳೆದು ಕಟ್ಟಿದರು. ಇಂದು ಆ ಬಟ್ಟೆಗಳ ಬಣ್ಣವನ್ನು ಕೆಡಿಸುವ ವೈರಿಯೂ ಬೆಳಕೇ. 1959ರಿಂದ ಮನೆಯನ್ನು ಪಾಲಿಸುತ್ತಿರುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು, ಬೆಳಕಿಗೆಂದೇ ತೆರೆದ ಕಿಟಕಿಗಳಿಗೆ ತೆರೆಗಳನ್ನು ಇಳಿಬಿಟ್ಟು ಅದನ್ನು ಮಿತಗೊಳಿಸಬೇಕಾಗಿರುವುದು.

ಇಂತಹ ಸೌಧವನ್ನು ನಾವಾರೂ ಕಟ್ಟಿಸಬೇಕಾಗಿಲ್ಲ. ಆದರೂ ದೊಡ್ಡ ಕಿಟಕಿಯನ್ನು ಬಯಸುವ ಗೃಹಸ್ಥರು, ಭಾರವನ್ನು ಹೊರುವ ಗೋಡೆ ಯಾವುದು, ಬಿಸಿಲು ಬೀಳುವ ದಿಕ್ಕು ಯಾವುದು ಎಂಬುದನ್ನು ಮೇಸ್ತ್ರಿಯೊಡನೆ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಗೋಡೆ ಎದ್ದ ಮೇಲೆ ಈ ಪ್ರಶ್ನೆಗಳಿಗೆ ಉತ್ತರವು ದುಬಾರಿಯಾಗುವುದು.