ವ್ಯಾಟ್ ಗೊತ್ತಾಯ್ತು, ಡೆಸಿಬಲ್ ಎಷ್ಟು?

ಸೂ ವೀಡ್ ಅಂತ ಒಂದು ಅಡುಗೆ ವಿಧಾನ ಇದೆ. ಮಾಂಸವನ್ನೋ ತರಕಾರಿಯನ್ನೋ ಚೀಲದಲ್ಲಿ ಗಾಳಿಯಿಲ್ಲದಂತೆ ಮುಚ್ಚಿ, ಕುದಿಯದ ಬಿಸಿನೀರಲ್ಲಿ ಗಂಟೆಗಟ್ಟಲೆ ಇಡೋದು. ಆ ನೀರನ್ನು ತಿರುಗಿಸುವ ಪುಟ್ಟ ಮೋಟರು ಗುಂಯ್ ಅನ್ನುತ್ತೆ ಅಂತ, ಸದ್ದಿಲ್ಲದ ಕುಕ್ಕರ್ ಹುಡುಕುವವರಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮಗೆ ಇದನ್ನು ಕೇಳಿ ಮೊದಲು ನಗು ಬಂತು. ಆಮೇಲೆ ಮನೆಯ ಮಿಕ್ಸಿ ನೆನಪಾಯ್ತು.

ನಮ್ಮಲ್ಲಿ ಕಾಯಿ ಇಲ್ಲದೆ ತಿಂಡಿಯಿಲ್ಲ, ಸಾರೂ ಇಲ್ಲ. ಬೆಳಗ್ಗೆ ಆರಕ್ಕೇ ಚಟ್ನಿ ಆಡಿಸಬೇಕು. ತೋಟದ ಮೋಟರಿಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬಂದ ದಿನ ಅಪ್ಪ ನೀರು ಬಿಟ್ಟು ಬಂದು ಮಲಗೋದೇ ಬೆಳಗಿನ ಜಾವ. ಕಣ್ಣು ಹತ್ತೋ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಶುರು. ಅಮ್ಮ ಅದರ ಮೇಲೆ ಟವೆಲ್ಲು ಒತ್ತಿ ಹಿಡಿಯುತ್ತಾಳೆ. (ಹಾಗೆ ಮಾಡಬೇಡಿ ಅಂತ ಹೇಳಿ; ಗಾಳಿಯಾಡದೆ ಮೋಟರು ಕಾದು ಸುಡುತ್ತೆ.)

ಬೇಸಿಕ್ ಎಲೆಕ್ಟ್ರಿಕಲ್ ನೆನಪಿದೆಯಲ್ಲ? ಮಿಕ್ಸಿಯೊಳಗಿರೋದು ಯೂನಿವರ್ಸಲ್ ಮೋಟರ್. ಕಾರ್ಬನ್ ಬ್ರಷ್ ಉಜ್ಜಿಕೊಂಡು, ಖಾಲಿ ಓಡುವಾಗ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತೆ. ಜೊತೆಗೆ ಅದನ್ನು ತಣ್ಣಗಿಡುವ ಫ್ಯಾನಿನ ಕೂಗು. 80 ಡೆಸಿಬಲ್ ದಾಟೋದು ಮಾಮೂಲು. ವೆಟ್ ಗ್ರೈಂಡರಿನ ಇಂಡಕ್ಷನ್ ಮೋಟರಿಗೆ ಬ್ರಷ್ ಇಲ್ಲ. ನಾಲ್ಕು ಪೋಲಿನದ್ದಾದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ 1,500 ಸುತ್ತಿನ ಒಳಗೇ. ಕಲ್ಲು ತಿರುಗೋದು ಇನ್ನೂ ನಿಧಾನ. ದಿನಾ ರುಬ್ಬುವ ಮನೆಗೆ ಅದೇ ವಾಸಿ ಅನ್ನೋದು ನಮ್ಮ ಅಭಿಪ್ರಾಯ. ಆದರೆ ಭಾರ, ತೊಳೆಯೋ ಕೆಲಸ ಜಾಸ್ತಿ, ಒಣಗಿದ ಕೊಬ್ಬರಿ ಪುಡಿ ಮಾಡಲು ಆಗಲ್ಲ. ಒರಳುಕಲ್ಲೇ ಸರಿ ಅನ್ನೋರು ಒಂದು ವಾರ ತಾವೇ ರುಬ್ಬಿ ನೋಡಲಿ.

ಮಿಕ್ಸಿಯೇ ಬೇಕಾದರೆ? ಅಂಗಡಿಯವರು 500, 750, 1000 ವ್ಯಾಟ್ ಅಂತ ಹೇಳ್ತಾ ಹೋಗ್ತಾರೆ. ವ್ಯಾಟ್ ಜಾಸ್ತಿ ಅಂದ್ರೆ ಸದ್ದು ಕಮ್ಮಿ ಅಂತಲ್ಲ. ಯುರೋಪಿನಲ್ಲಿ ವಾಷಿಂಗ್ ಮಷಿನ್ನಿನ ಎನರ್ಜಿ ಲೇಬಲ್ ಮೇಲೆ ಡೆಸಿಬಲ್ ಅಚ್ಚಾಗಿರುತ್ತೆ. ನಮ್ಮ ಮಿಕ್ಸಿ ಡಬ್ಬದ ಮೇಲೂ ಅಷ್ಟೇ ದಪ್ಪಕ್ಷರದಲ್ಲಿ ಇರಲಿ ಅಂತ ಕೇಳಬೇಕಾದವರು ನಾವೇ. ನಾಳೆ ಇವನ್ನು ಡಿಸೈನ್ ಮಾಡೋರೂ ನಮ್ಮಲ್ಲೇ ಕೆಲವರು ಇರ್ತಾರೆ. 10 ಡೆಸಿಬಲ್ ಇಳಿದರೆ ಶಬ್ದದ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ, ಸಣ್ಣ ವಿಷಯವಲ್ಲ.

ಅಲ್ಲಿವರೆಗೆ, ಕೊಳ್ಳಲು ಹೋಗುವಾಗ ಮನೆಯಿಂದ ಒಂದು ಚೂರು ಉಂಡೆ ಕೊಬ್ಬರಿ ಒಯ್ಯಿರಿ. ಖಾಲಿ ಜಾರು ತಿರುಗಿಸಿ ತೋರಿಸಿದರೆ ಒಪ್ಪಬೇಡಿ. ಎರಡು ಮೂರು ಮಿಕ್ಸಿಗಳನ್ನು ಒಂದೇ ದೂರದಲ್ಲಿ ನಿಂತು ಫೋನಿನಲ್ಲಿ ಅಳೆಯಿರಿ. ಲೆಕ್ಕ ಕರಾರುವಾಕ್ಕಾಗಿರಲ್ಲ, ಹೋಲಿಸಲು ಸಾಕು. ಮನೆಗೆ ತಂದ ಮೇಲೆ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಅಪ್ಪ ಮಲಗುವ ಕೋಣೆಯ ಗೋಡೆಗೆ ತಾಗದಂತೆ ಇಡಿ.