ಹೊಗೆಯಿಲ್ಲದ ಧೂಪ, ಹಿಟ್ಟಿನ ಕೋಳಿ

ಇಂಗ್ಲೆಂಡ್, ಅಮೆರಿಕಗಳಲ್ಲಿ ತಮ್ಮನ್ನು ಪೇಗನ್ ಎಂದು ಕರೆದುಕೊಳ್ಳುವವರು ಕೇಳುವ ಒಂದು ಪ್ರಶ್ನೆ ಮೇಲ್ನೋಟಕ್ಕೆ ತೀರ ಸಣ್ಣದು. ಮನೆಯಲ್ಲಿ ಬೆಕ್ಕಿದೆ, ಇಲ್ಲವೆ ಪಂಜರದಲ್ಲಿ ಗಿಳಿಯಿದೆ. ಧೂಪದ ಹೊಗೆ ಅದಕ್ಕೆ ಆಗಿಬರುವುದಿಲ್ಲ. ಹಾಗಾದರೆ ಆಚರಣೆಯಲ್ಲಿ ಧೂಪದ ಸ್ಥಾನಕ್ಕೆ ಏನನ್ನು ತರಬೇಕು? ಇದನ್ನು ಪಶುವೈದ್ಯರಿಗೆ ಬಿಟ್ಟು ಸುಮ್ಮನಾಗಬಹುದು. ಆದರೆ ಪ್ರಾಚೀನ ಪಠ್ಯಗಳನ್ನು ಓದುವವರಿಗೆ ಪ್ರಶ್ನೆ ಪರಿಚಿತವಾದದ್ದೇ. ವಿಧಿಸಿದ ದ್ರವ್ಯ ದೊರೆಯದಿದ್ದಾಗ ಅದರ ಬದಲಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ಮೀಮಾಂಸಕರು ‘ಪ್ರತಿನಿಧಿ’ ಎಂಬ ಹೆಸರಿನಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ವ್ರೀಹಿ ಸಿಗದಿದ್ದರೆ ನೀವಾರ. ಏಕೆಂದರೆ ನೀವಾರವು ವ್ರೀಹಿಯನ್ನು ಹೋಲುತ್ತದೆ. ಸಾದೃಶ್ಯವೇ ಅಲ್ಲಿ ನಿಯಾಮಕ. ಪೇಗನ್ ಮನೆಗಳಲ್ಲಿಯೂ ಜನ ಮೀಮಾಂಸೆಯ ಹೆಸರನ್ನೇ ಕೇಳದೆ ಇದೇ ನಿಯಮವನ್ನು ಪಾಲಿಸುತ್ತಿದ್ದಾರೆ. ಎಡವಟ್ಟಾಗುತ್ತಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

‘ಪೇಗನ್’ ಎಂಬುದರ ಮೂಲ ಹಳ್ಳಿಗನೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದ. ಹಳೆಯ ದೇವತೆಗಳನ್ನು ಬಿಡದವರಿಗೆ ಕ್ರೈಸ್ತರು ಇಟ್ಟ ಹೆಸರಿದು. ಅದರಲ್ಲಿ ಗೌರವವೇನೂ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಅದನ್ನೇ ಅಭಿಮಾನದಿಂದ ಧರಿಸಿಕೊಂಡರು. 1951ರಲ್ಲಿ ಬ್ರಿಟನ್ನಿನ ಮಾಟವಿರೋಧಿ ಕಾಯಿದೆ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡನರನ ‘ವಿಚ್‌ಕ್ರಾಫ್ಟ್ ಟುಡೇ’ ಪ್ರಕಟವಾಯಿತು. ಅಲ್ಲಿಂದ ಹಬ್ಬಿದ ವಿಕ್ಕಾ ಪಂಥದ ಸಾಮಾನ್ಯ ಕ್ರಮದಲ್ಲಿ ಒಂದು ವೃತ್ತವನ್ನು ರಚಿಸಿ ನಾಲ್ಕು ದಿಕ್ಕುಗಳಿಗೆ ನಾಲ್ಕು ಭೂತಗಳನ್ನು ಆಹ್ವಾನಿಸುತ್ತಾರೆ. ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು ಅಥವಾ ಉಪ್ಪು. ಪೂರ್ವದ ಗಾಳಿಗೆ ಧೂಪ. ಧೂಪವು ಹೀಗೆ ಗಾಳಿಯ ಗುರುತು. ಜೊತೆಗೆ ಸ್ಥಳಶುದ್ಧಿಯ ಸಾಧನವೂ ಹೌದು. ಮಾಟಗಾತಿಯ ಸಂಗಾತಿಯೆಂದು ಯುರೋಪಿನಲ್ಲಿ ಶತಮಾನಗಳ ಕಾಲ ಶಂಕೆಗೆ ಗುರಿಯಾಗಿದ್ದ ಬೆಕ್ಕು, ಈಗ ಆ ಹೆಸರನ್ನು ಸಂತೋಷದಿಂದ ಹೊತ್ತವರ ಮನೆಯಲ್ಲಿ ಅವರ ಹೊಗೆಯಿಂದಲೇ ಕೆಮ್ಮುವಂತಾದದ್ದು ಚರಿತ್ರೆಯ ಒಂದು ವಕ್ರತೆ.

ಕೆಮ್ಮುವುದಕ್ಕೆ ಕಾರಣಗಳಿವೆ. ನಮ್ಮ ಪಿತ್ತಜನಕಾಂಗವು ಫೀನಾಲ್ ಜಾತಿಯ ರಾಸಾಯನಿಕಗಳನ್ನು ಗ್ಲುಕುರಾನಿಕ್ ಆಮ್ಲದೊಡನೆ ಬೆಸೆದು ಹೊರಹಾಕುತ್ತದೆ. ಬೆಕ್ಕಿನಲ್ಲಿ ಈ ಕೆಲಸಕ್ಕೆ ಬೇಕಾದ ಕಿಣ್ವ ತೀರ ದುರ್ಬಲ. ಆದ್ದರಿಂದ ಲವಂಗ, ದಾಲ್ಚಿನ್ನಿ, ನೀಲಗಿರಿ, ಟೀ ಟ್ರೀ ಮುಂತಾದ ಸುಗಂಧತೈಲಗಳ ಅಂಶಗಳು ಅದರ ದೇಹದಲ್ಲಿ ಹೆಚ್ಚು ಹೊತ್ತು ನಿಂತು ವಿಷವಾಗಬಲ್ಲವು. ಗಾಳಿಯಲ್ಲಿದ್ದದ್ದು ತುಪ್ಪಳದ ಮೇಲೆ ಕೂರುತ್ತದೆ, ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ; ಹೀಗೆ ಉಸಿರಿಗೆ ಬಂದದ್ದು ಹೊಟ್ಟೆಗೂ ಹೋಗುತ್ತದೆ. ಹಕ್ಕಿಗಳ ವಿಷಯ ಇನ್ನೂ ಸೂಕ್ಷ್ಮ. ಅವುಗಳ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಕೊಂಡಿದ್ದು ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಹಾರಾಟಕ್ಕೆ ವರವಾದ ಈ ವ್ಯವಸ್ಥೆ ಹೊಗೆಯ ಮುಂದೆ ಶಾಪ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳು ವಿಷಾನಿಲದ ಮುನ್ಸೂಚನೆಗಾಗಿ ಕೆನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದುದು ಈ ಕಾರಣಕ್ಕೆ; ಆ ಪದ್ಧತಿ ಕೊನೆಗೊಂಡದ್ದು 1986ರಲ್ಲಿ. ನಾಯಿಯ ಮೂಗಿನ ಕಥೆ ಎಲ್ಲರಿಗೂ ಗೊತ್ತಿರುವುದೇ: ನಮಗೆ ಮಂದವಾದ ಪರಿಮಳ ಅದಕ್ಕೆ ಕೂಗಿದಂತೆ.

ಇಷ್ಟಾದ ಮೇಲೂ ಅನೇಕರಿಗೆ ಧೂಪವನ್ನು ಬಿಡುವುದೆಂದರೆ ಪೂರ್ವಿಕರ ಧರ್ಮವನ್ನು ನೀರು ಬೆರೆಸಿ ತೆಳುಗೊಳಿಸಿದಂತೆ ಎನಿಸುತ್ತದೆ. ಪೂರ್ವಿಕರು ಏನು ಹೇಳಿದ್ದರೆಂದು ನೋಡುವುದು ಇಲ್ಲಿ ಉಪಯುಕ್ತ. ಮೂರನೆಯ ಶತಮಾನದ ಪಾರ್ಫಿರಿ ಕ್ರೈಸ್ತಮತವನ್ನು ಕಟುವಾಗಿ ವಿರೋಧಿಸಿದ ಗ್ರೀಕ್ ದಾರ್ಶನಿಕ. ಪೇಗನ್ ಎಂಬ ಹೆಸರಿಗೆ ಅವನಿಗಿಂತ ಅರ್ಹನನ್ನು ಹುಡುಕುವುದು ಕಷ್ಟ. ಸಸ್ಯಾಹಾರವನ್ನು ತೊರೆದು ಮಾಂಸಕ್ಕೆ ಮರಳಿದ ಫರ್ಮಸ್ ಎಂಬ ಸ್ನೇಹಿತನನ್ನು ಉದ್ದೇಶಿಸಿ, ಪ್ರಾಣಿಹತ್ಯೆಯಿಂದ ದೂರವಿರಬೇಕೆಂದು ವಾದಿಸುವ ನಾಲ್ಕು ಭಾಗಗಳ ಗ್ರಂಥವನ್ನು ಅವನು ಬರೆದ. ಅದರ ಎರಡನೆಯ ಭಾಗದಲ್ಲಿ ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸನ ಮಾತುಗಳನ್ನು ಎತ್ತಿಕೊಳ್ಳುತ್ತಾನೆ. ಭಕ್ತಿಯನ್ನು ಕುರಿತ ಥಿಯೋಫ್ರಾಸ್ಟಸನ ಕೃತಿ ಇಂದು ಉಳಿದಿರುವುದು ಬಹುಮಟ್ಟಿಗೆ ಇಲ್ಲಿಯೇ. ಅವನ ನಿರೂಪಣೆಯ ಪ್ರಕಾರ ಮನುಷ್ಯರು ದೇವತೆಗಳಿಗೆ ಮೊದಲು ಅರ್ಪಿಸಿದ್ದು ಹಸಿರು ಹುಲ್ಲನ್ನು; ಆಮೇಲೆ ಎಲೆ, ಜವೆಗೋಧಿ, ಸುಗಂಧದ್ರವ್ಯ. ಪಶುಬಲಿ ಬಂದದ್ದು ತೀರ ಈಚೆಗೆ, ಕ್ಷಾಮ ಯುದ್ಧಗಳ ಒತ್ತಡದಲ್ಲಿ. ಇದು ಇತಿಹಾಸವೋ ಆದರ್ಶವೋ ಎಂಬುದು ಬೇರೆ ಮಾತು. ಅದೇ ಭಾಗದಲ್ಲಿ ಡೆಲ್ಫಿಯ ಒಂದು ಕಥೆಯಿದೆ: ನೂರಾರು ಎತ್ತುಗಳನ್ನು ಬಲಿಕೊಡುವ ಧನಿಕನೊಬ್ಬ ದೇವರನ್ನು ಎಲ್ಲರಿಗಿಂತ ಚೆನ್ನಾಗಿ ಪೂಜಿಸುವವರು ಯಾರೆಂದು ಕೇಳಿದಾಗ, ತಿಂಗಳು ತಿಂಗಳೂ ವಿಗ್ರಹಗಳನ್ನು ಶುಚಿಮಾಡಿ ಧೂಪ, ರೊಟ್ಟಿಗಳನ್ನಷ್ಟೇ ಅರ್ಪಿಸುವ ಆರ್ಕೇಡಿಯದ ಒಬ್ಬ ಬಡವನ ಹೆಸರನ್ನು ದೇವವಾಣಿ ಹೇಳಿತಂತೆ. ಎಂಪಿಡಾಕ್ಲೀಸನು ಒಲಿಂಪಿಯದ ಗೆಲುವಿನ ಬಳಿಕ ನಿಜವಾದ ಎತ್ತಿನ ಬದಲು ಬೋಳ, ಧೂಪ, ಸಂಬಾರಗಳಿಂದ ಎತ್ತನ್ನು ಮಾಡಿಸಿ ಹಂಚಿದನೆಂಬ ಪ್ರತೀತಿಯೂ ಉಂಟು.

ಈ ಕಥೆಗಳಲ್ಲಿ ಧೂಪದ ಪಾತ್ರ ಯಾವುದು? ಪ್ರಾಣಿಯನ್ನು ಉಳಿಸಲು ಬಂದ ಅಹಿಂಸಕ ದ್ರವ್ಯ ಅದು. ಅದೇ ದ್ರವ್ಯ ಇಂದು ಮುಚ್ಚಿದ ಕೋಣೆಯೊಳಗೆ ಒಂದು ಪ್ರಾಣಿಯನ್ನು ಬಾಧಿಸುತ್ತಿದ್ದರೆ, ಅದನ್ನು ಒಳಕ್ಕೆ ತಂದ ತರ್ಕವೇ ಅದನ್ನು ಹೊರಕ್ಕೆ ಕಳಿಸುತ್ತದೆ. ಗ್ರೀಕರ ಬಲಿಪೀಠ ಸಾಮಾನ್ಯವಾಗಿ ದೇವಾಲಯದ ಮುಂದೆ ಬಯಲಿನಲ್ಲಿರುತ್ತಿತ್ತು, ಹೊಗೆಗೆ ಆಕಾಶವಿತ್ತು. ಲಂಡನ್ನಿನ ಎರಡನೆಯ ಮಹಡಿಯ ಮನೆ, ಮುಚ್ಚಿದ ಕಿಟಕಿ, ಮೂಲೆಯಲ್ಲಿ ಗಿಳಿಯ ಪಂಜರ ಇವು ಯಾವ ಪ್ರಾಚೀನ ವಿಧಿಯ ಲೆಕ್ಕದಲ್ಲೂ ಇರಲಿಲ್ಲ.

ಇನ್ನು ಬದಲಿಯ ಮಾತು. ಹೊಗೆ ಬೇಡವೆಂದವರು ಮೊದಲು ಕೈಹಾಕುವುದು ವಿದ್ಯುತ್ತಿನಿಂದ ನಡೆಯುವ ತೈಲದ ಡಿಫ್ಯೂಸರಿಗೆ. ಹೊಗೆಯಿಲ್ಲ, ಕಿಡಿಯಿಲ್ಲ, ಪರಿಮಳ ಮಾತ್ರ ಹಾಗೆಯೇ ಇದೆ; ಸಾದೃಶ್ಯದ ನಿಯಮ ಪೂರ್ಣವಾಗಿ ಪಾಲನೆಯಾಯಿತು. ಬೆಕ್ಕಿಗೆ ಮಾರಕವಾಗಬಲ್ಲದ್ದೂ ಆ ತೈಲವೇ. ಇದನ್ನು ಓದುವ ಕನ್ನಡ ವಿದ್ಯಾರ್ಥಿಗೆ 1209ರ ಜನ್ನನ ನೆನಪಾಗದಿರದು. ‘ಯಶೋಧರ ಚರಿತೆ’ಯ ಅರಸ ಜೀವಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಮಾತನ್ನು ಮೀರಲೂ ಆರದೆ, ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಬೆಂತರ ಹೊಕ್ಕ ಆ ಕೋಳಿ ಕಡಿಯುವಾಗ ಕೂಗಿಬಿಡುತ್ತದೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಭವಭವಗಳಲ್ಲಿ ತೊಳಲುತ್ತಾರೆ. ತರಗತಿಯಲ್ಲಿ ಪ್ರತಿವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ: ಹಿಟ್ಟನ್ನು ಕೊಯ್ದದ್ದಕ್ಕೆ ಇಷ್ಟು ಶಿಕ್ಷೆಯೆ? ಕಾವ್ಯದ ಉತ್ತರ ಸಂಕಲ್ಪಹಿಂಸೆ. ದ್ರವ್ಯ ಬದಲಾಯಿತು, ಕೊಲ್ಲುವ ಕ್ರಿಯೆಯ ಆಕಾರ ಬದಲಾಗಲಿಲ್ಲ. ಎಂಪಿಡಾಕ್ಲೀಸನ ಎತ್ತಿಗೂ ಯಶೋಧರನ ಕೋಳಿಗೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು: ಒಂದನ್ನು ಹಂಚಲು ಮಾಡಿದ್ದು, ಇನ್ನೊಂದನ್ನು ಕಡಿಯಲು. ಡಿಫ್ಯೂಸರ್ ಹಿಡಿದ ಭಕ್ತನಲ್ಲಿ ಹಿಂಸೆಯ ಸಂಕಲ್ಪವಿಲ್ಲ, ನಿಜ. ಆ ಮಟ್ಟಿಗೆ ಹೋಲಿಕೆ ಅರ್ಧದಲ್ಲೇ ನಿಲ್ಲುತ್ತದೆ. ಅಲ್ಲಿ ಸಂಕಲ್ಪ ಉಳಿದು ಹಾನಿ ಹೋಗಿತ್ತು, ಇಲ್ಲಿ ಸಂಕಲ್ಪವಿಲ್ಲದೆ ಹಾನಿ ಉಳಿದಿದೆ. ಎರಡರಲ್ಲಿಯೂ ಮೋಸಮಾಡಿದ್ದು ಸಾದೃಶ್ಯವೇ.

ಆದ್ದರಿಂದ ಬದಲಿಯನ್ನು ರೂಪದಿಂದ ಆರಿಸದೆ ಪ್ರಯೋಜನದಿಂದ ಆರಿಸಬೇಕು. ಧೂಪ ಗಾಳಿಯ ಗುರುತಾದರೆ ಗಾಳಿಯನ್ನೇ ಕರೆಯಬಹುದು: ಒಂದು ಗರಿ, ಒಂದು ಬೀಸಣಿಗೆ, ತೆರೆದ ಕಿಟಕಿ, ಎಣಿಸಿ ಬಿಡುವ ಉಸಿರು. ಮೇಲೇರುವ ಹೊಗೆಯನ್ನು ಕಣ್ಣು ಬಯಸುವುದಾದರೆ ಬಟ್ಟಲಿನ ಬಿಸಿನೀರಿನ ಹಬೆ ಸಾಕು. ಸ್ಥಳಶುದ್ಧಿಗೆ ಪೊರಕೆಯೇ ವಿಕ್ಕಾದ ಹಳೆಯ ಉಪಕರಣ. ಗಂಟೆಯೂ ಆಗಬಹುದು, ಆದರೆ ಮೆಲುದನಿಯದಾಗಿರಲಿ. ನಾಯಿಯ ಕಿವಿಯೂ ಮೂಗಿನಷ್ಟೇ ಚುರುಕು. ಹೂವಿನ ವಿಷಯದಲ್ಲಿ ಎಚ್ಚರ ಬೇಕು: ಲಿಲಿ ಹೂವಿನ ಪರಾಗ ತಾಗಿದ ಮೈಯನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ಉತ್ತರ ದಿಕ್ಕಿನ ಉಪ್ಪನ್ನೂ ನಾಯಿಗೆ ಎಟುಕದಂತೆ ಇಡಬೇಕು; ಒಂದು ಕಲ್ಲು ಅದೇ ಅರ್ಥವನ್ನು ಕೊಡುತ್ತದೆ. ಪರಿಮಳವಿಲ್ಲದಿದ್ದರೆ ಮನಸ್ಸು ನಿಲ್ಲದು, ವಾಸನೆಯಷ್ಟು ಬೇಗ ನೆನಪನ್ನು ಎಬ್ಬಿಸುವುದು ಇನ್ನೊಂದಿಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಥವರಿಗೆ ಬಯಲಿದೆ, ಅವರ ದೇವತೆಗಳ ಮೂಲಸ್ಥಾನವೂ ಅದೇ.

ನಮ್ಮ ಅಷ್ಟವಿಧಾರ್ಚನೆಯಲ್ಲಿ ಧೂಪ ಏಳನೆಯದು. ಕರ್ನಾಟಕದ ಬಸದಿಗಳಲ್ಲಿ ಹೂವು, ಹಣ್ಣು, ದೀಪಗಳೆಲ್ಲ ಸಲ್ಲುತ್ತವೆ. ಉತ್ತರದ ದಿಗಂಬರ ತೇರಾಪಂಥದವರು ಜೀವಹಾನಿಗೆ ಅಂಜಿ ಹೂವಿನ ಸ್ಥಾನದಲ್ಲಿ ಕೇಸರಿ ಬಣ್ಣದ ಅಕ್ಕಿಯನ್ನೂ ದೀಪದ ಸ್ಥಾನದಲ್ಲಿ ಬಣ್ಣದ ಕೊಬ್ಬರಿಯ ಚೂರನ್ನೂ ಅರ್ಪಿಸುತ್ತಾರೆ. ಆ ಅಕ್ಕಿ ಹೂವಿನಂತೆ ಘಮಘಮಿಸುವುದಿಲ್ಲ. ಪೂಜೆ ಕುಂದಿತೆಂದು ಅವರಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಪಾರ್ಫಿರಿಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನು ಅರ್ಪಣೆಗಳಿಗೆ ಮೆಟ್ಟಿಲುಗಳನ್ನು ಹೇಳಿದ್ದಾನೆ. ಕಣ್ಣಿಗೆ ಕಾಣುವ ಆಕಾಶದ ದೇವತೆಗಳಿಗೆ ಬೆಂಕಿ, ಜೇನು, ಹಣ್ಣು, ಹೂವು. ಬುದ್ಧಿಗೆ ಮಾತ್ರ ನಿಲುಕುವ ದೇವತೆಗಳಿಗೆ ಸ್ತುತಿ. ಎಲ್ಲಕ್ಕೂ ಮೇಲಿನ ಪರತತ್ತ್ವಕ್ಕೆ ಇಂದ್ರಿಯಗೋಚರವಾದ ಯಾವುದೂ ಇಲ್ಲ, ಶುದ್ಧವಾದ ಮೌನವೊಂದೇ. ಬೆಕ್ಕಿನ ಸಲುವಾಗಿ ಧೂಪವನ್ನು ಬಿಟ್ಟವನು ಈ ಏಣಿಯಲ್ಲಿ ಕೆಳಗಿಳಿದಿಲ್ಲ. ಅದೇ ಗ್ರಂಥದ ನಾಲ್ಕನೆಯ ಭಾಗದಲ್ಲಿ ಬಾರ್ದೈಸಾನನ ವರದಿಯನ್ನು ಆಧರಿಸಿ ಭಾರತದ ಶ್ರಮಣರ ವರ್ಣನೆಯೂ ಬರುತ್ತದೆ. ಅವರು ಬೌದ್ಧರೆಂಬುದು ಹೆಚ್ಚಿನವರ ಮತ. ಎರಡನೆಯ ಭಾಗದ ಆ ಕೆಲವು ಪುಟಗಳನ್ನು ಯಾರಾದರೂ ಸಂಶೋಧನ ವಿದ್ಯಾರ್ಥಿ ಕನ್ನಡಕ್ಕೆ ತಂದುಕೊಟ್ಟರೆ, ‘ಯಶೋಧರ ಚರಿತೆ’ಯ ಪಾಠದ ಜೊತೆಗೆ ಅದನ್ನು ನನ್ನ ತರಗತಿಯಲ್ಲಿ ಓದಿಸುವ ಆಸೆಯಿದೆ.